“ಮ್ಯಾನೇಜರ್ ಹೇಗಾದರೂ ಪಾಸ್ ಮಾಡಿ ಅಂದರೆ?” – ಕ್ಯೂಸಿ ಇಂಟರ್‌ವ್ಯೂನ ಕಷ್ಟದ ಪ್ರಶ್ನೆ

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ, ಬೀದರ್‌ನ ಒಂದು ಬಲ್ಕ್ ಡ್ರಗ್ (ಔಷಧದ ಮೂಲ ರಾಸಾಯನಿಕ) ಕಾರ್ಖಾನೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬ್‌ನಲ್ಲಿ ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಜಿಗಣಿಯಲ್ಲಿ ಮಾತ್ರೆ ತಯಾರಿಸುವ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಟೆಕ್ನಿಕಲ್ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಹೇಳಿದೆ. ಕೊನೆಗೆ, “ಅಸ್ಸೇ (ಔಷಧದ ಅಂಶ ಎಷ್ಟಿದೆ ಅನ್ನುವ ಪರೀಕ್ಷೆ) ಫೇಲ್ ಆಗಿದೆ, ಲಾರಿ ಗೇಟ್‌ನಲ್ಲಿ ನಿಂತಿದೆ, ಮ್ಯಾನೇಜರ್ ಇನ್ನೊಂದು ಸಲ ಇಂಜೆಕ್ಟ್ ಮಾಡಿ (ಅಂದರೆ ಸ್ಯಾಂಪಲನ್ನು ಯಂತ್ರದಲ್ಲಿ ಮತ್ತೆ ಓಡಿಸಿ) ಹೇಗಾದರೂ ಪಾಸ್ ಮಾಡಿ ಅಂತಾರೆ, ಏನು ಮಾಡ್ತೀರಿ?” ಅಂತ ಕೇಳಿದರು. “ನಾನು ಪ್ರಾಮಾಣಿಕಳು ಸರ್, ತಪ್ಪು ಮಾಡಲ್ಲ, ಬೇಕಾದರೆ ಕೆಲಸ ಬಿಡ್ತೀನಿ” ಅಂದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಕೆಲಸವೂ ಸಿಗಲಿಲ್ಲ. ಮುಂದಿನ ವಾರ ಇನ್ನೊಂದು ಕಡೆ ಇಂಟರ್‌ವ್ಯೂ ಇದೆ. ನನ್ನ ಉತ್ತರದಲ್ಲಿ ಏನು ಕಡಿಮೆಯಾಯಿತು? ಇನ್ನೊಂದು ಭಯವೂ ಇದೆ. ಔಷಧ ಎಷ್ಟು ಕಾಲ ಕೆಡದೆ ಇರುತ್ತದೆ ಅಂತ ನೋಡಲು ಸ್ಯಾಂಪಲ್ ಇಡುವ ಸ್ಟೆಬಿಲಿಟಿ ಚೇಂಬರ್‌ನ ಉಷ್ಣಾಂಶ ಬರೆಯುವ ಲಾಗ್‌ಬುಕ್‌ನಲ್ಲಿ ಎರಡು ದಿನದ ಎಂಟ್ರಿ ಬಿಟ್ಟುಹೋಗಿತ್ತು. ಸೀನಿಯರ್ ಹೇಳಿದ್ದಕ್ಕೆ ನಾನೇ ಹಳೆಯ ದಿನಾಂಕ ಹಾಕಿ ತುಂಬಿದ್ದೇನೆ. “ನಿಮಗೆ ಇಂಥ ಸಂದರ್ಭ ಬಂದಿತ್ತಾ?” ಅಂತ ಕೇಳಿದರೆ ಇದನ್ನು ಹೇಳಲೇ, ಬೇಡವೇ?

ಉತ್ತರ: ನೀವು ಪ್ರಾಮಾಣಿಕರು ಎನ್ನುವುದರ ಬಗ್ಗೆ ಆ ಪ್ಯಾನೆಲ್‌ಗೆ ಅನುಮಾನ ಇದ್ದಿರಲಾರದು. ಆದರೆ ಆ ಮಾತನ್ನು ಕುರ್ಚಿಯಲ್ಲಿ ಕೂತ ಎಲ್ಲರೂ ಹೇಳುತ್ತಾರೆ. ಸುಳ್ಳು ಡೇಟಾ ಬರೆಯುವವರೂ ಅದನ್ನೇ ಹೇಳುತ್ತಾರೆ. ನಾನು ಕ್ಯೂಸಿ, ಕ್ಯೂಎ (ಬ್ಯಾಚ್ ಹೊರಗೆ ಬಿಡುವುದೋ ಬೇಡವೋ ಅಂತ ತೀರ್ಮಾನಿಸುವ ಗುಣಮಟ್ಟ ಖಾತರಿ ವಿಭಾಗ) ಎರಡರಲ್ಲೂ ಕೆಲಸ ಮಾಡಿ, ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂತಿದ್ದೇನೆ. ಈ ಪ್ರಶ್ನೆ ಕೇಳುವಾಗ ನಮಗೆ ತಿಳಿಯಬೇಕಿದ್ದದ್ದು ಒಂದೇ: ರಿಸಲ್ಟ್ ಪರದೆಯ ಮೇಲೆ ಬಂದ ಮೊದಲ ಅರ್ಧ ಗಂಟೆಯಲ್ಲಿ ಈ ಹುಡುಗಿ ಏನು ಮಾಡುತ್ತಾಳೆ? ಸ್ಯಾಂಪಲ್ ಇದ್ದ ಪುಟ್ಟ ಶೀಷೆ (ವಯಲ್) ಏನಾಯಿತು? ಯಾರಿಗೆ ಹೇಳಿದಳು? ಎಲ್ಲಿ ಬರೆದಳು? “ಕೆಲಸ ಬಿಡ್ತೀನಿ” ಅನ್ನುವ ಉತ್ತರದಲ್ಲಿ ಇದ್ಯಾವುದೂ ಇಲ್ಲ. ನೀವು ಕೆಲಸ ಬಿಟ್ಟು ಹೋದ ಮೇಲೂ ಆ ಬ್ಯಾಚ್ ಅಲ್ಲೇ ಇರುತ್ತದೆ, ಅಲ್ವಾ?

ಈ ಪ್ರಶ್ನೆ ಔಷಧ ಕಂಪನಿಗಳಲ್ಲಿ ಇಷ್ಟು ಸಾಮಾನ್ಯ ಯಾಕೆ ಅಂತ ಮೊದಲು ತಿಳಿದುಕೊಳ್ಳಿ. ಪಾಸ್ ಆಗುವವರೆಗೆ ಮತ್ತೆ ಮತ್ತೆ ಟೆಸ್ಟ್ ಮಾಡುವ ಚಾಳಿಗೆ ನಮ್ಮ ವೃತ್ತಿಯಲ್ಲಿ ‘ಟೆಸ್ಟಿಂಗ್ ಇನ್‌ಟು ಕಂಪ್ಲಯನ್ಸ್’ ಅಂತ ಹೆಸರೇ ಇದೆ. 1993ರಲ್ಲಿ ಅಮೆರಿಕದ ಕೋರ್ಟ್ ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಕೇಸಿನಲ್ಲಿ ಇದರ ಬಗ್ಗೆ ತೀರ್ಪು ಕೊಟ್ಟಿತು. ಫೇಲ್ ಆದ ರಿಸಲ್ಟನ್ನು ತನಿಖೆ ಇಲ್ಲದೆ ತಳ್ಳಿಹಾಕುವಂತಿಲ್ಲ ಎಂಬ ಇವತ್ತಿನ ಓಓಎಸ್ (ಔಟ್ ಆಫ್ ಸ್ಪೆಸಿಫಿಕೇಷನ್, ಅಂದರೆ ಮಿತಿಯ ಹೊರಗೆ ಬಂದ ರಿಸಲ್ಟ್) ಪದ್ಧತಿ ಬೆಳೆದದ್ದು ಅಲ್ಲಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಯುಎಸ್‌ಎಫ್‌ಡಿಎ ಇದರ ಮಾರ್ಗಸೂಚಿಯನ್ನು 2006ರಲ್ಲಿ ಅಂತಿಮಗೊಳಿಸಿ, 2022ರಲ್ಲಿ ಪರಿಷ್ಕರಿಸಿತು. ನಮ್ಮ ದೇಶದ ಮಟ್ಟಿಗೆ ದೊಡ್ಡ ಪಾಠ ಔಷಧ ಕಂಪನಿ ರಾನ್‌ಬ್ಯಾಕ್ಸಿಯದು. 2013ರ ಮೇ ತಿಂಗಳಲ್ಲಿ ಅದರ ಅಮೆರಿಕದ ಘಟಕ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅಲ್ಲಿನ ಸುಳ್ಳು ಡೇಟಾದ ವಿಷಯವನ್ನು ಹೊರಗೆ ತಂದವರು ಅಲ್ಲಿಯೇ ಕೆಲಸ ಮಾಡುತ್ತಿದ್ದ ದಿನೇಶ್ ಠಾಕೂರ್. ಆಮೇಲೆ ರಫ್ತು ಮಾಡುವ ಕಂಪನಿಗಳಿಗೆಲ್ಲ ಒಂದು ವಿಷಯ ಮನದಟ್ಟಾಯಿತು: ಲ್ಯಾಬ್‌ನ ಒಬ್ಬ ಅನಲಿಸ್ಟ್ ಬರೆದ ಒಂದು ಸಾಲು ಇಡೀ ಪ್ಲಾಂಟನ್ನು ನಿಲ್ಲಿಸಬಹುದು.

ಇದು ರಫ್ತಿನ ಮಾತಷ್ಟೇ ಅಂದುಕೊಳ್ಳಬೇಡಿ. 2023ರ ಡಿಸೆಂಬರ್ ಕೊನೆಯಲ್ಲಿ ನಮ್ಮದೇ ಶೆಡ್ಯೂಲ್ ಎಂ (ಔಷಧ ತಯಾರಿಕೆಯ ಗುಣಮಟ್ಟದ ನಿಯಮಗಳು) ಪರಿಷ್ಕರಣೆಯ ಅಧಿಸೂಚನೆಯಾಯಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ಐವಿ ದ್ರಾವಣದ ಗುಣಮಟ್ಟದ ಪ್ರಶ್ನೆ ಕರ್ನಾಟಕದ ಮನೆಮನೆಯಲ್ಲೂ ಚರ್ಚೆಯಾಯಿತು. ಕ್ಯೂಸಿ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೀವು ಸಹಿ ಹಾಕುವ ರಿಪೋರ್ಟಿನ ಆಚೆ ಬದಿಯಲ್ಲಿ ಒಬ್ಬ ರೋಗಿ ಇದ್ದಾರೆ. ಅವರಿಗೆ ಆ ಮಾತ್ರೆಯನ್ನು ಪರೀಕ್ಷಿಸಿ ನೋಡುವ ದಾರಿಯೇ ಇಲ್ಲ.

ಈಗ ನಿಮಗೆ ಕೇಳಿದ ಪ್ರಶ್ನೆಗೆ ಬರೋಣ. ಅದರಲ್ಲಿ ಒಂದು ಸೂಕ್ಷ್ಮ ಇತ್ತು. ನೀವು ಅದನ್ನು ದಾಟಿ ಮುಂದೆ ಹೋದಿರಿ. “ಇನ್ನೊಂದು ಸಲ ಇಂಜೆಕ್ಟ್ ಮಾಡಿ” ಅನ್ನುವ ಮಾತು ತಾನಾಗಿಯೇ ತಪ್ಪಲ್ಲ. ಎಚ್‌ಪಿಎಲ್‌ಸಿಯಲ್ಲಿ (ಔಷಧದ ಪ್ರಮಾಣ ಅಳೆಯುವ ಯಂತ್ರ) ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು, ಇಂಜೆಕ್ಟರ್ ಕೈಕೊಟ್ಟಿರಬಹುದು. ಅಂಥ ಅನುಮಾನ ಇದ್ದರೆ, ಅದೇ ವಯಲ್‌ನಿಂದ ಮತ್ತೆ ಇಂಜೆಕ್ಟ್ ಮಾಡಿ ನೋಡುವುದು ಓಓಎಸ್ ತನಿಖೆಯ ಮೊದಲ ಹಂತದಲ್ಲಿ ಒಪ್ಪಿತವಾದ ಕ್ರಮ. ಷರತ್ತು ಇಷ್ಟೇ: ಯಾವ ಅನುಮಾನಕ್ಕೆ ಅಂತ ಮೊದಲೇ ಬರೆದಿರಬೇಕು, ಅನುಮತಿ ಇರಬೇಕು, ಮೊದಲ ರಿಸಲ್ಟ್ ದಾಖಲೆಯಲ್ಲಿ ಉಳಿಯಬೇಕು. ತಪ್ಪು ಇರುವುದು “ಹೇಗಾದರೂ ಪಾಸ್ ಮಾಡಿ” ಅನ್ನುವ ಮಾತಿನಲ್ಲಿ. ಈ ಎರಡನ್ನೂ ಬಿಡಿಸಿ ನೋಡುವ ಅಭ್ಯರ್ಥಿಯನ್ನು ಪ್ಯಾನೆಲ್ ಹುಡುಕುತ್ತಿರುತ್ತದೆ. ನೀವು ನೇರವಾಗಿ ಮ್ಯಾನೇಜರ್ ಕಳ್ಳ ಅಂತ ತೀರ್ಮಾನಿಸಿಬಿಟ್ಟಿರಿ. ಎದುರಿಗೆ ಕೂತಿದ್ದವರೂ ಒಬ್ಬ ಮ್ಯಾನೇಜರ್ ಅನ್ನುವುದು ನೆನಪಿರಲಿ.

ನಾನಾಗಿದ್ದರೆ ಉತ್ತರವನ್ನು ಹೀಗೆ ಹೇಳುತ್ತಿದ್ದೆ. ಅಸ್ಸೇ ಮಿತಿ ಶೇಕಡಾ 95.0ರಿಂದ 105.0 ಇದೆ, ಬಂದದ್ದು 93.6 ಅಂತ ಇಟ್ಟುಕೊಳ್ಳಿ.

“ಸರ್, ಮೊದಲು ನಾನು ಯಾವ ಸೊಲ್ಯೂಷನ್ನನ್ನೂ ಚೆಲ್ಲುವುದಿಲ್ಲ. ವಯಲ್, ಸ್ಟಾಂಡರ್ಡ್ (ಹೋಲಿಕೆಗೆ ಬಳಸುವ ದ್ರಾವಣ), ಸ್ಯಾಂಪಲ್ ತಯಾರಿಸಿದ ಫ್ಲಾಸ್ಕ್ ಎಲ್ಲವನ್ನೂ ಹಾಗೇ ಇಡುತ್ತೇನೆ. ತಕ್ಷಣ ನನ್ನ ಸೂಪರ್‌ವೈಸರ್‌ಗೆ ತಿಳಿಸುತ್ತೇನೆ. ಇಬ್ಬರೂ ಕೂತು ತೂಕದ ಪ್ರಿಂಟ್, ಡೈಲ್ಯೂಷನ್, ಲೆಕ್ಕ, ಸಿಸ್ಟಮ್ ಸೂಟಬಿಲಿಟಿ (ಯಂತ್ರ ಸರಿಯಾಗಿದೆಯೇ ಅನ್ನುವ ಪರೀಕ್ಷೆ), ಸ್ಟಾಂಡರ್ಡ್‌ನ ವ್ಯಾಲಿಡಿಟಿ ನೋಡುತ್ತೇವೆ. ಓಓಎಸ್ ಫಾರಂ ತೆಗೆದು ಕ್ಯೂಎಗೆ ತಿಳಿಸುತ್ತೇವೆ. ಮ್ಯಾನೇಜರ್ ಮತ್ತೆ ಇಂಜೆಕ್ಟ್ ಮಾಡಿ ಅಂದರೆ, ‘ಸರ್, ಫಾರಂನಲ್ಲಿ ಕಾರಣ ಬರೆದು ಅನುಮತಿ ಹಾಕಿಕೊಡಿ, ಈಗಲೇ ಮಾಡ್ತೀನಿ’ ಅಂತ ಹೇಳುತ್ತೇನೆ. ಲ್ಯಾಬ್‌ನ ತಪ್ಪು ಸಿಕ್ಕರೆ ಅದನ್ನು ದಾಖಲಿಸಿ ಆ ರಿಸಲ್ಟನ್ನು ಅಮಾನ್ಯ ಮಾಡಬಹುದು, ಹೊಸದಾಗಿ ಟೆಸ್ಟ್ ಮಾಡಬಹುದು. ತಪ್ಪು ಸಿಗದಿದ್ದರೆ ಪ್ರೊಡಕ್ಷನ್ ಕಡೆಯೂ ತನಿಖೆ ಆಗಬೇಕು. ರೀಟೆಸ್ಟ್ ಎಷ್ಟು ಸಲ, ಯಾರು ಮಾಡಬೇಕು ಅನ್ನುವುದು ಎಸ್‌ಒಪಿಯಲ್ಲಿ (ಲಿಖಿತ ಕಾರ್ಯವಿಧಾನದಲ್ಲಿ) ಇರುವ ಹಾಗೇ ಆಗಬೇಕು. ಲಾರಿ ಕಳಿಸುವುದೋ ಬಿಡುವುದೋ ಅನ್ನುವುದು ಕ್ಯೂಎ ತೀರ್ಮಾನ. 93.6 ಅನ್ನುವ ಅಂಕಿ ಮಾತ್ರ ದಾಖಲೆಯಿಂದ ಹೋಗುವಂತಿಲ್ಲ.”

ಇದನ್ನು ಬಾಯಿಪಾಠ ಮಾಡಬೇಡಿ. ಒಂದೂವರೆ ವರ್ಷ ಲ್ಯಾಬ್‌ನಲ್ಲಿ ಇದ್ದವರಿಗೆ ಇದೆಲ್ಲ ಗೊತ್ತಿರುವುದೇ. ನಿಮ್ಮ ಮಾತಿನಲ್ಲಿ ಹೇಳಿ, ಒಂದೂವರೆ ಎರಡು ನಿಮಿಷಕ್ಕೆ ಮುಗಿಸಿ. ‘ಪ್ರಾಮಾಣಿಕ’ ಅನ್ನುವ ಪದ ಇಡೀ ಉತ್ತರದಲ್ಲಿ ಎಲ್ಲೂ ಬರಲಿಲ್ಲ ನೋಡಿ. ಅದರ ಅಗತ್ಯವೇ ಬೀಳಲಿಲ್ಲ.

ಪ್ಯಾನೆಲ್ ಇಲ್ಲಿಗೆ ಬಿಡುವುದಿಲ್ಲ. ಒತ್ತುತ್ತಾರೆ. “ಮ್ಯಾನೇಜರ್ ಫಾರಂ ಬೇಡ ಅಂದರು. ಈಗ?” ಅಂತ ಕೇಳುತ್ತಾರೆ. ಇಲ್ಲಿ ದನಿ ಏರಿಸಬೇಡಿ, ಹೆದರಲೂಬೇಡಿ. “ಫಾರಂ ಇಲ್ಲದೆ ನನಗೆ ಮಾಡಲು ಆಗುವುದಿಲ್ಲ ಸರ್ ಅಂತ ಅವರಿಗೇ ಮೊದಲು ಹೇಳುತ್ತೇನೆ. ಆಮೇಲೆ ಕ್ಯೂಎಗೆ ಹೋಗುತ್ತೇನೆ. ಹೋಗುತ್ತಿದ್ದೇನೆ ಅಂತ ಮ್ಯಾನೇಜರ್‌ಗೂ ತಿಳಿಸಿಯೇ ಹೋಗುತ್ತೇನೆ” ಅನ್ನಿ. ಕೊನೆಯ ಆ ವಾಕ್ಯಕ್ಕೆ ತುಂಬ ಬೆಲೆ ಇದೆ. ಬೆನ್ನ ಹಿಂದೆ ದೂರು ಕೊಡುವವರ ಜೊತೆ ಕೆಲಸ ಮಾಡಲು ಯಾರಿಗೂ ಇಷ್ಟವಿರುವುದಿಲ್ಲ. ಮುಂದೆಯೇ ನಿಂತು ಹೇಳುವವರನ್ನು ಒಳ್ಳೆಯ ಮ್ಯಾನೇಜರ್ ಗೌರವಿಸುತ್ತಾರೆ.

“ಕ್ಯೂಎ ಹೆಡ್ ಕೂಡ ಅದನ್ನೇ ಹೇಳಿದರೆ?” ಅನ್ನುವುದು ಮುಂದಿನ ಪ್ರಶ್ನೆ. ಇದು ನಿಜಕ್ಕೂ ಕಷ್ಟದ್ದು. ಆಗ ವಿಷಯವನ್ನು ಇಮೇಲ್‌ನಲ್ಲಿ ಬರೆದು ಪ್ಲಾಂಟ್ ಹೆಡ್‌ಗೆ ಅಥವಾ ಕಂಪನಿಯ ದೂರು ವ್ಯವಸ್ಥೆಗೆ ಕೊಡಬೇಕಾಗುತ್ತದೆ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಇನ್ನೂ ಕೆಲವು ವರ್ಗದ ಕಂಪನಿಗಳು ‘ವಿಜಿಲ್ ಮೆಕ್ಯಾನಿಸಂ’ ಇಟ್ಟಿರಲೇಬೇಕು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಇಂಟರ್‌ವ್ಯೂಗೆ ಹೋಗುವ ಮುಂಚೆ ಆ ಕಂಪನಿಯ ವೆಬ್‌ಸೈಟ್‌ನಲ್ಲಿ ಈ ಪಾಲಿಸಿ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಅದರ ಹೆಸರು ಹೇಳಿಯೇ ಉತ್ತರ ಕೊಡಿ. ಕೆಲಸ ಬಿಡುವ ಮಾತು ಇದೆಲ್ಲ ಆದ ಮೇಲೆ ಬರಬೇಕಾದದ್ದು. ಮೊದಲ ವಾಕ್ಯದಲ್ಲೇ ಬಂದರೆ, ಸಮಸ್ಯೆ ಬಂದಾಗ ಜಾಗ ಖಾಲಿ ಮಾಡುವವರು ಅಂತ ಅನ್ನಿಸಿಬಿಡುತ್ತದೆ.

ಇದೇ ಜಾತಿಯ ಇನ್ನೂ ಒಂದೆರಡು ಪ್ರಶ್ನೆಗಳು ಬರುತ್ತವೆ. “ನಿಮ್ಮ ಗೆಳತಿ ತೂಕ ಮಾಡುವಾಗ ತಪ್ಪು ಮಾಡಿದಳು, ಯಾರಿಗೂ ಹೇಳಬೇಡ ಅಂದಳು” ಅನ್ನುವುದು ಸುಲಭದ್ದು. ಅವಳೇ ಹೋಗಿ ಹೇಳಲು ಅವಕಾಶ ಕೊಡಿ, ಜೊತೆಗೆ ಹೋಗಿ, ಆದರೆ ಅವತ್ತಿನ ಶಿಫ್ಟ್ ಮುಗಿಯುವುದರೊಳಗೆ ಹೇಳಿರಬೇಕು. “ಸೀನಿಯರ್ ನಿಮ್ಮ ಪಾಸ್‌ವರ್ಡ್ ಕೇಳಿದರು” ಅಂದರೆ ಉತ್ತರ ಒಂದೇ ಸಾಲು: ನನ್ನ ಲಾಗಿನ್ ಅಂದರೆ ನನ್ನ ಸಹಿ, ಕೊಡುವುದಿಲ್ಲ. “ಟ್ರಯಲ್ ಇಂಜೆಕ್ಷನ್ ಹಾಕಿ ನೋಡು ಅಂದರು” ಅನ್ನುವುದರ ಬಗ್ಗೆ ಹುಷಾರಾಗಿರಿ. ಸ್ಯಾಂಪಲನ್ನು ಲೆಕ್ಕಕ್ಕೆ ಸಿಗದ ಫೋಲ್ಡರ್‌ನಲ್ಲಿ ಮೊದಲು ಓಡಿಸಿ ನೋಡಿ, ಪಾಸ್ ಆಗುತ್ತದೆ ಅಂತ ಖಾತ್ರಿಯಾದ ಮೇಲೆ ಅಧಿಕೃತವಾಗಿ ಓಡಿಸುವುದು ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದ ಹಾಗೆ. ಸಣ್ಣ ಲ್ಯಾಬ್‌ಗಳಿಂದ ಬಂದ ಕೆಲವರಿಗೆ ಇದು ತಪ್ಪು ಅಂತಲೇ ಗೊತ್ತಿರುವುದಿಲ್ಲ. “ನಮ್ಮಲ್ಲಿ ಎಲ್ಲರೂ ಮಾಡ್ತಾರೆ ಸರ್” ಅಂತ ಮುಗ್ಧವಾಗಿ ಹೇಳಿಬಿಡುತ್ತಾರೆ. ಇಂಟರ್‌ವ್ಯೂ ಅಲ್ಲಿಗೆ ಮುಗಿಯುತ್ತದೆ.

ಇನ್ನು ನಿಮ್ಮ ಲಾಗ್‌ಬುಕ್ ವಿಷಯ. ಇದನ್ನು ಬರೆದು ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ಎಷ್ಟೋ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ.

ಮೊದಲು ಆದದ್ದು ಏನು ಅಂತ ಸ್ಪಷ್ಟವಾಗಿ ನೋಡೋಣ. ನೀವು ಓದದ ಉಷ್ಣಾಂಶವನ್ನು ಓದಿದ ಹಾಗೆ ಬರೆದಿದ್ದೀರಿ, ಆ ದಿನವೇ ಬರೆದ ಹಾಗೆ ದಿನಾಂಕ ಹಾಕಿದ್ದೀರಿ. ಡೇಟಾ ಇಂಟೆಗ್ರಿಟಿ ಟ್ರೇನಿಂಗ್‌ನಲ್ಲಿ ‘ಅಲ್ಕೋವಾ’ ಅಂತ ಹೇಳಿಕೊಟ್ಟಿರುತ್ತಾರೆ: ಯಾರು ಮಾಡಿದ್ದು ಅಂತ ಗೊತ್ತಾಗಬೇಕು, ಓದಲು ಬರಬೇಕು, ಕೆಲಸ ಆದಾಗಲೇ ಬರೆದಿರಬೇಕು, ಮೂಲ ದಾಖಲೆ ಆಗಿರಬೇಕು, ಸರಿಯಾಗಿರಬೇಕು. ಆ ಎರಡು ಸಾಲುಗಳಲ್ಲಿ ಇವುಗಳಲ್ಲಿ ಕನಿಷ್ಠ ಎರಡು ಮುರಿದಿವೆ. ಇನ್ಸ್‌ಪೆಕ್ಷನ್‌ಗೆ ಬಂದವರು ಇದನ್ನು ಹಿಡಿಯುವುದು ಕಷ್ಟವೇನಲ್ಲ. ಗೇಟ್‌ನ ಹಾಜರಿ ದಾಖಲೆ ತರಿಸಿ, ಸಹಿ ಹಾಕಿದವರು ಆ ದಿನ ಒಳಗೆ ಇದ್ದರಾ ಅಂತ ನೋಡುತ್ತಾರೆ. ಚೇಂಬರ್‌ಗೆ ಉಷ್ಣಾಂಶವನ್ನು ತಾನಾಗಿಯೇ ದಾಖಲಿಸುವ ಡೇಟಾ ಲಾಗರ್ ಇದ್ದರೆ ಅದರ ಅಂಕಿಯನ್ನು ನಿಮ್ಮ ಅಂಕಿಯ ಪಕ್ಕ ಇಟ್ಟು ನೋಡುತ್ತಾರೆ.

ಇದಕ್ಕೆ ಸರಿಯಾದ ದಾರಿ ಅವತ್ತೂ ಇತ್ತು. ಖಾಲಿ ಬಿಟ್ಟ ಜಾಗವನ್ನು ಹಾಗೇ ಬಿಟ್ಟು, ಇವತ್ತಿನ ದಿನಾಂಕ ಹಾಕಿ, “ಈ ಎರಡು ದಿನ ಎಂಟ್ರಿ ಆಗಿಲ್ಲ” ಅಂತ ಕಾರಣ ಸಮೇತ ಬರೆದು ಸಹಿ ಹಾಕುವುದು. ಲಾಗರ್‌ನ ಪ್ರಿಂಟ್ ಇದ್ದರೆ ಲಗತ್ತಿಸುವುದು. ಕ್ಯೂಎಗೆ ಹೇಳಿ ಡೆವಿಯೇಷನ್ (ಕ್ರಮ ತಪ್ಪಿದ್ದರ ಅಧಿಕೃತ ದಾಖಲೆ) ತೆಗೆಯುವುದು. ಎಂಟ್ರಿ ಬಿಟ್ಟುಹೋಗುವುದು ಸಣ್ಣ ತಪ್ಪು. ಅದನ್ನು ಮುಚ್ಚಲು ಬರೆದ ಸಾಲು ದೊಡ್ಡ ತಪ್ಪು. ಸೀನಿಯರ್ ಸಣ್ಣದನ್ನು ಉಳಿಸಲು ಹೋಗಿ ನಿಮ್ಮ ಕೈಯಲ್ಲಿ ದೊಡ್ಡದನ್ನು ಮಾಡಿಸಿದರು.

ಹಾಗಾಗಿ ಇಂಟರ್‌ವ್ಯೂನಲ್ಲಿ ಹೇಳುವುದೋ ಬೇಡವೋ ಅನ್ನುವ ಪ್ರಶ್ನೆ ಎರಡನೆಯದು. ಮೊದಲನೆಯದು, ಈಗ ಬೀದರ್‌ನಲ್ಲಿ ಏನು ಮಾಡುತ್ತೀರಿ ಅನ್ನುವುದು. ನೀವು ಇನ್ನೂ ಅಲ್ಲೇ ಇದ್ದೀರಿ. ಸೋಮವಾರ ಹೋಗಿ ಕ್ಯೂಎಗೆ ಹೇಳಿ. ಆ ಪುಟಕ್ಕೆ ಕೈ ಹಚ್ಚಬೇಡಿ. ಹೊಡೆದು ಹಾಕುವುದು, ವೈಟ್‌ನರ್ ಹಚ್ಚುವುದು, ಪುಟ ತೆಗೆಯುವುದು ಯಾವುದೂ ಬೇಡ. ಇಂಥ ದಿನದ ಎಂಟ್ರಿಗಳನ್ನು ಆಮೇಲೆ ತುಂಬಲಾಗಿದೆ, ಆ ಅಂಕಿಗಳು ಓದಿದವಲ್ಲ ಅಂತ ಬರಹದಲ್ಲಿ ಕೊಡಿ. ಸೀನಿಯರ್‌ಗೂ ಮೊದಲೇ ತಿಳಿಸಿ. ಅವರಿಗೆ ಸಿಟ್ಟು ಬರಬಹುದು. ಒಂದೆರಡು ವಾರ ಲ್ಯಾಬ್‌ನಲ್ಲಿ ಮುಖ ಕೊಟ್ಟು ಮಾತಾಡದೆ ಇರಬಹುದು. ನಿಮಗೂ ಒಂದು ಮೆಮೊ ಬರಬಹುದು. ಅದು ಸುಲಭ ಅಂತ ನಾನು ಹೇಳುವುದಿಲ್ಲ. ಆದರೆ ಆ ಚೇಂಬರ್‌ನಲ್ಲಿ ಇರುವ ಸ್ಯಾಂಪಲ್‌ಗಳ ಮೇಲೆಯೇ ಒಂದು ಔಷಧ ಎಷ್ಟು ತಿಂಗಳು ಬಾಳುತ್ತದೆ ಅನ್ನುವುದು ತೀರ್ಮಾನವಾಗುತ್ತದೆ. ಆ ಎರಡು ದಿನ ಚೇಂಬರ್ ಕೆಟ್ಟಿತ್ತೋ ಇಲ್ಲವೋ ಅಂತ ಯಾರಾದರೂ ನೋಡಲೇಬೇಕು.

ಇದನ್ನು ಮಾಡಿದ ಮೇಲೆ ನಿಮ್ಮ ಹತ್ತಿರ ಹೇಳಲು ಒಂದು ನಿಜವಾದ ಸಂಗತಿ ಇರುತ್ತದೆ. “ನಿಮಗೆ ಇಂಥ ಸಂದರ್ಭ ಬಂದಿತ್ತಾ?” ಅಂದರೆ ಚಿಕ್ಕದಾಗಿ ಹೇಳಿ. ಎಂಟ್ರಿ ಬಿಟ್ಟುಹೋಗಿತ್ತು, ನಾನು ಹಳೆಯ ದಿನಾಂಕದಲ್ಲಿ ತುಂಬಿದೆ, ಅದು ತಪ್ಪು ಅಂತ ಗೊತ್ತಾಗಿ ಕ್ಯೂಎಗೆ ತಿಳಿಸಿದೆ, ಡೆವಿಯೇಷನ್ ಆಯಿತು, ಈಗ ಹೀಗೆ ಮಾಡುತ್ತೇನೆ. ಅಷ್ಟು ಸಾಕು. ಸೀನಿಯರ್ ಹೇಳಿದರು ಅನ್ನುವುದನ್ನು ಒಂದು ಸಲ ಹೇಳಿ ಬಿಡಿ, ಅದಕ್ಕೆ ಜೋತುಬೀಳಬೇಡಿ. ಸಹಿ ನಿಮ್ಮದು. ಕಂಪನಿಯ ಪ್ರಾಡಕ್ಟ್ ಹೆಸರು, ಬ್ಯಾಚ್ ನಂಬರ್, ಕಸ್ಟಮರ್ ಹೆಸರು ಬಾಯಿಗೆ ಬರಬಾರದು. ಹಳೆಯ ಕಂಪನಿಯ ಗುಟ್ಟು ಹೇಳುವವರು ನಾಳೆ ನಮ್ಮದನ್ನೂ ಹೇಳುತ್ತಾರೆ ಅಂತ ಪ್ಯಾನೆಲ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಯೂ ಹೌದು.

ಮುಂದಿನ ವಾರದೊಳಗೆ ಹೇಳಲು ಆಗಲೇ ಇಲ್ಲ ಅಂದರೆ? ಆಗ ಉದಾಹರಣೆಗೆ ಬೇರೆ ಯಾವುದಾದರೂ ನಿಜವಾದ ಸಣ್ಣ ಸಂಗತಿ ಆರಿಸಿಕೊಳ್ಳಿ. ಲೇಬಲ್ ಇಲ್ಲದ ಸ್ಯಾಂಪಲ್ ತೆಗೆದುಕೊಳ್ಳಲು ಒಪ್ಪದೆ ಇದ್ದದ್ದು, ಕ್ಯಾಲಿಬ್ರೇಷನ್ ಅವಧಿ ಮುಗಿದ ಬ್ಯಾಲೆನ್ಸ್ ಕಂಡು ತಿಳಿಸಿದ್ದು, ಇಂಥದ್ದು ಏನಾದರೂ ಇದ್ದೇ ಇರುತ್ತದೆ. ಸಣ್ಣದಾದರೂ ಪರವಾಗಿಲ್ಲ. ಆದರೆ “ನೀವು ಯಾವತ್ತಾದರೂ ಬ್ಯಾಕ್‌ಡೇಟ್ ಮಾಡಿದ್ದೀರಾ?” ಅಂತ ನೇರವಾಗಿ ಕೇಳಿದರೆ ಇಲ್ಲ ಅನ್ನಬೇಡಿ. ಹೌದು ಅನ್ನಿ, ಏನಾಯಿತು ಅಂತ ಹೇಳಿ. ಇದರಿಂದ ಕೆಲಸ ಕೈತಪ್ಪುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಡೇಟಾದ ಬಗ್ಗೆ ಸುಳ್ಳು ಹೇಳಿ ಡೇಟಾ ಕಾಯುವ ಕೆಲಸಕ್ಕೆ ಸೇರುವುದು ನನಗೆ ಸರಿ ಕಾಣುವುದಿಲ್ಲ.

ಕಥೆ ಕಟ್ಟುವ ಆಸೆಯಂತೂ ಬೇಡವೇ ಬೇಡ. ಇಂಟರ್‌ನೆಟ್‌ನಲ್ಲಿ ಸಿದ್ಧ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ಅನುಭವ ಇರುವವರು ಕೇಳುವ ಮುಂದಿನ ಪ್ರಶ್ನೆಗಳು ತೀರ ಸಾದಾ: ಅದು ಯಾವ ಶಿಫ್ಟ್? ಫಾರಂ ಯಾರು ಕೊಟ್ಟರು? ರೂಟ್ ಕಾಸ್ (ಮೂಲ ಕಾರಣ) ಏನು ಅಂತ ಬರೆದಿರಿ? ತನಿಖೆ ಎಷ್ಟು ದಿನಕ್ಕೆ ಮುಗಿಯಿತು? ನಿಜವಾಗಿ ಆದದ್ದಾದರೆ ಇವಕ್ಕೆ ಯೋಚಿಸದೆ ಉತ್ತರ ಬರುತ್ತದೆ. ಕಟ್ಟಿದ್ದಾದರೆ ಮೂರನೇ ಪ್ರಶ್ನೆಗೆ ಕಣ್ಣು ಮೇಜಿನ ಕಡೆ ಹೋಗುತ್ತದೆ.

ಭಾಷೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಹುಡುಗರು ಇಂಥ ಪ್ರಶ್ನೆ ಬಂದಾಗ ಇಂಗ್ಲಿಷ್‌ನಲ್ಲಿ ದೊಡ್ಡ ಮಾತು ಹುಡುಕಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಲ್ಯಾಬ್‌ನ ಪದಗಳೆಲ್ಲ ನಿಮಗೆ ದಿನವೂ ಬಾಯಲ್ಲಿ ಇರುವಂಥವೇ. ಮೊದಲು ಇದು ಮಾಡ್ತೀನಿ, ಆಮೇಲೆ ಇವರಿಗೆ ಹೇಳ್ತೀನಿ, ಇಲ್ಲಿ ಬರೀತೀನಿ ಅಂತ ಪುಟ್ಟ ವಾಕ್ಯಗಳಲ್ಲಿ ಹೇಳಿದರೆ ಸಾಕು. ಪ್ಯಾನೆಲ್‌ನಲ್ಲಿ ಕನ್ನಡ ಬಲ್ಲವರು ಇದ್ದರೆ, “ಸ್ವಲ್ಪ ಕನ್ನಡದಲ್ಲಿ ಹೇಳಬಹುದಾ ಸರ್?” ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಗೆ “ನಿಮಗೆ ಏನಾದರೂ ಕೇಳುವುದಿದೆಯಾ?” ಅಂತ ಅವರು ಕೇಳಿದಾಗ ಸುಮ್ನೆ “ಇಲ್ಲ ಸರ್” ಅಂದು ಎದ್ದು ಬರಬೇಡಿ. ಎರಡು ವಿಷಯ ಕೇಳಿ. ಇಲ್ಲಿ ಪ್ರತಿ ಅನಲಿಸ್ಟ್‌ಗೂ ಬೇರೆ ಬೇರೆ ಲಾಗಿನ್ ಇದೆಯಾ? ರಾತ್ರಿ ಶಿಫ್ಟ್‌ನಲ್ಲಿ ಓಓಎಸ್ ಬಂದರೆ ಯಾರಿಗೆ ಫೋನ್ ಮಾಡಬೇಕು? ಒಳ್ಳೆಯ ಲ್ಯಾಬ್‌ನವರು ಎರಡಕ್ಕೂ ತಡವರಿಸದೆ ಹೇಳುತ್ತಾರೆ, ಕೇಳಿದ್ದಕ್ಕೆ ಖುಷಿಯನ್ನೂ ಪಡುತ್ತಾರೆ. “ಅದೆಲ್ಲ ಇಲ್ಲಿ ಅಡ್ಜಸ್ಟ್ ಮಾಡ್ಕೋತೀವಿ, ನೀವು ಬನ್ನಿ” ಅಂತ ಉತ್ತರ ಬಂದರೆ, ಸಂಬಳ ಎಷ್ಟೇ ಜಾಸ್ತಿ ಇದ್ದರೂ ಆ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಬೇರೆ ಇಂಟರ್‌ವ್ಯೂಗಳನ್ನೂ ಮುಗಿಸಿಕೊಳ್ಳಿ.